ನಮ್ಮ ಓಣಿಯಲ್ಲಿ ಆಗದ ಕಳವುಗಳ ಕುರಿತು

ಇವರಿಗೆ,
ಸಮಾಜ ಅಧ್ಯಯನ ಸಂಸ್ಥೆಯ ನಿರ್ದೇಶಕರು

ಮಾನ್ಯರೇ,

ಅಂಕಿಅಂಶಗಳನ್ನು ಅರೆದು ಕುಡಿದಿರುವ ತಮಗೆ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದುಕೊಂಡು ಬೀಗ ರಿಪೇರಿ, ಕೀಲಿಕೈ ನಕಲು ಇತ್ಯಾದಿಗಳಿಂದ ಹೊಟ್ಟೆ ಹೊರೆಯುವ ನಾನು ತಲೆಬಾಗಿ ಮಾಡಿಕೊಳ್ಳುವ ಬಿನ್ನಹ. ತಾವೂ ತಮ್ಮ ಕಚೇರಿಯೂ, ಅದರ ಕಿಟಕಿಯ ಪರದೆಗಳೂ, ಬಾಗಿಲ ಕಾವಲುಗಾರನೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕಡೆ ಎಲ್ಲರೂ ಕ್ಷೇಮ, ನಮ್ಮ ಅಕ್ಕನೊಬ್ಬಳನ್ನು ಬಿಟ್ಟು. ಈ ಪತ್ರ ಬರೆಯುತ್ತಿರುವುದು ಅವಳ ವಿಷಯವಾಗಿ.

ಅಕ್ಕ ಓಣಿಯ ನಡುವಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಇದ್ದಿಲಿನ ಪೆಟ್ಟಿಗೆಯ ಕಾವಿಗೆ ಒಳಗೆ ಕೂರಲಾಗದೆ ಹಗಲಿಡೀ ಬಾಗಿಲು ತೆರೆದೇ ಇರುತ್ತಿತ್ತು. ಆ ದಾರಿಯಲ್ಲಿ ಹೋಗುವವರೆಲ್ಲ ಒಮ್ಮೆ ಇಣುಕಿ, "ಅಕ್ಕಾ, ಊಟ ಆಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುವುದು ವಾಡಿಕೆ. ಇದನ್ನು ತಾವು ತಮ್ಮ ವರದಿಯಲ್ಲಿ 'ಖಾಸಗಿತನದ ತೀವ್ರ ಕೊರತೆ' ಎಂದು ಗುರುತಿಸಿರುವುದನ್ನು ಕಂಡು, ಇಷ್ಟು ವರ್ಷ ನಮಗೇ ತಿಳಿಯದೆ ಎಂಥ ಕೊರತೆಯಲ್ಲಿ ಬದುಕಿದ್ದೆವಲ್ಲ ಎಂದು ನಾವೆಲ್ಲ ಬೆರಗಾದೆವು.

ತಾವು ಅಧ್ಯಯನಕ್ಕೆಂದು ಕಳೆದ ಬೇಸಿಗೆಯಲ್ಲಿ ಕಳಿಸಿದ ಹುಡುಗಿ ಬಹಳ ವಿನಯವಂತೆ. ಅಕ್ಕನ ಮನೆಗೆ ಅವಳು ಬಂದಾಗ ನಾನು ಅಲ್ಲೇ ಮೂಲೆಯಲ್ಲಿ ಊಟಕ್ಕೆ ಕುಳಿತಿದ್ದೆ. ಮನೆಯಲ್ಲಿ ಕಳವಾಗಿದೆಯೇ ಎಂದು ಅವಳು ಕೇಳಿದಳು, ಅಕ್ಕ ಇಲ್ಲ ಎಂದಳು. ಇಲ್ಲ ಎಂದವರಿಗೆ ಮುಂದಿನ ಪ್ರಶ್ನೆಗಳೇ ಇಲ್ಲವಂತೆ. ಹುಡುಗಿ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿ, ಬೆವರು ಒರೆಸಿಕೊಂಡು, ಸಪ್ಪೆ ಮುಖದಲ್ಲಿ ಎದ್ದು ನಿಂತಳು. ಬಂದವರನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲದ ಅಕ್ಕ ತಕ್ಷಣ, "ಕೂತ್ಕೋಮ್ಮ, ಈಗ ನೆನಪಾಯ್ತು, ಒಂದು ಜೊತೆ ಚಿನ್ನದ ಬಳೆ ಹೋಯ್ತು" ಎಂದುಬಿಟ್ಟಳು. ಅಕ್ಕ ಹುಟ್ಟಿದಾಗಿನಿಂದ ಚಿನ್ನದ ಬಳೆ ತೊಟ್ಟವಳಲ್ಲ. ಹುಡುಗಿ ಹೋದ ಮೇಲೆ ನಾನು ಬೈದರೆ, "ಹೋಗ್ಲಿ ಬಿಡೋ, ಆ ಮಗು ಮುಖ ನೋಡಿದ್ಯಾ? ನಂದೇನು ಗಂಟು ಹೋಯ್ತು?" ಎಂದು ನಕ್ಕು ಇಸ್ತ್ರಿಗೆ ನಿಂತಳು. ಇಡೀ ಓಣಿಯಲ್ಲಿ ಇಂಥ ದಾನಶೂರಳು ಅಕ್ಕನೊಬ್ಬಳೇ ಎಂದು ನಾನು ಸುಮ್ಮನಾದೆ.

ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮ ವರದಿ ಹೊರಬಂದು, ಪತ್ರಿಕೆಯಲ್ಲಿ ನಮ್ಮ ಓಣಿಯ ಫೋಟೋ ಸಮೇತ ಅದರ ಸಾರಾಂಶ ಅಚ್ಚಾಯಿತು. ಬೆಳಗಾದರೆ ಬಾಯಿ ಮುಚ್ಚದ ಕಾರಣಕ್ಕೆ ನಾವು ರೇಡಿಯೋ ಅಜ್ಜಿ ಎಂದು ಕರೆಯುವ ಮೂಲೆಮನೆಯ ಹಿರಿಯರು ಅದನ್ನು ಮೊಮ್ಮಗಳಿಂದ ಓದಿಸಿಕೊಂಡು ಮನೆಮನೆಗೂ ಬಿತ್ತರಿಸಿದರು. ಓಣಿಯ ಪ್ರತಿ ಎರಡನೆಯ ಮನೆಯಲ್ಲಿ ಕಳವಾಗಿದೆ ಎಂದು ಅದರಲ್ಲಿತ್ತು. ಇಷ್ಟಾದರೂ ಯಾರೊಬ್ಬರೂ ಪೊಲೀಸರಿಗೆ ದೂರು ಕೊಡದಿರುವುದು ವ್ಯವಸ್ಥೆಯ ಮೇಲೆ ಬಡವರು ಕಳೆದುಕೊಂಡಿರುವ ನಂಬಿಕೆಗೆ ಸಾಕ್ಷಿ ಎಂದಿತ್ತು. ಕಳವಾದ ಮಾಲಿನಲ್ಲಿ ಫ್ರಿಜ್ಜು, ಟೀವಿ, ಚಿನ್ನ ಸೇರಿರುವುದರಿಂದ ಅಸಮಾನತೆ ಗಣನೀಯವಾಗಿ ತಗ್ಗಿದೆ ಎಂಬ ಶುಭವಾರ್ತೆಯೂ ಇತ್ತು. ಮನೆಯಲ್ಲಿ ಜಗಳವಾಗುತ್ತದೆಯೇ ಎಂಬ ಪ್ರಶ್ನೆಗೆ ಕ್ಷೌರಿಕ ಇಲ್ಲವೆಂದು, ಅವನ ಹೆಂಡತಿ ಹೌದೆಂದು, ಯಾರ ಉತ್ತರ ಬರೆದುಕೊಳ್ಳಬೇಕೆಂಬುದಕ್ಕೆ ಆ ಹುಡುಗಿಯ ಎದುರೇ ಇಬ್ಬರೂ ಜಗಳವಾಡಿದ್ದು 'ಪ್ರತ್ಯಕ್ಷ ವೀಕ್ಷಣೆ' ಎಂಬ ತಲೆಬರಹದಡಿ ಮರ್ಯಾದೆಯ ಸ್ಥಾನ ಪಡೆದಿತ್ತು. ಕ್ಷೌರಿಕ ಆ ಪುಟವನ್ನು ಕತ್ತರಿಸಿ ಅಂಗಡಿಯ ಕನ್ನಡಿಯ ಪಕ್ಕ ಅಂಟಿಸಿದ್ದಾನೆ.

ತಮ್ಮ ವರದಿಯ ಮಹಿಮೆ ಇರುವುದು ಅದಾದ ಮೇಲೆ ನಡೆದದ್ದರಲ್ಲಿ. ಓಣಿಯವರು ಒಬ್ಬರನ್ನೊಬ್ಬರು ಹೊಸದಾಗಿ ನೋಡತೊಡಗಿದರು. ಇಣುಕುವುದು ನಿಂತಿತು, ಏಕೆಂದರೆ ಇಣುಕಿದವರ ಮೇಲೆ ಅನುಮಾನ ಬರುತ್ತಿತ್ತು. ಇಪ್ಪತ್ತು ವರ್ಷಗಳಿಂದ ನನ್ನದೇ ಓಣಿಯಲ್ಲಿ ಒಂದು ಬೀಗವನ್ನೂ ಮಾರಲಾಗದಿದ್ದ ನಾನು, ಒಂದೇ ತಿಂಗಳಲ್ಲಿ ಎಲ್ಲರ ಬಾಗಿಲಿಗೂ ಬೀಗ ಕೂರಿಸಿದೆ. ಗಾಳಿ ಬಂದಾಗ ತೂರಿಕೊ ಎನ್ನುವಂತೆ ನಾನೂ ಇದೇ ಸಮಯವೆಂದು ದುಡಿದೆ. ಇದಕ್ಕಾಗಿ ತಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು, ಹಾಗಾಗಿ ಹೇಳುವುದಿಲ್ಲ.

ಅಕ್ಕ ಬೀಗ ಬೇಡವೆಂದೇ ಅಂದಿದ್ದಳು. ಆದರೆ ಪಕ್ಕದ ಮನೆಯ ಡ್ರೈವರಣ್ಣನ ಹೆಂಡತಿ ಬಂದು, "ಅಕ್ಕಾ, ನಮ್ಮದು ಬಿಡಿ, ಬೇರೆಯವರ ಮನೆಗಳಲ್ಲಿ ಏನೇನೋ ಹೋಗಿದೆಯಂತೆ, ನೀವು ಒಬ್ಬರೇ ಇರ್ತೀರ" ಎಂದು ಹೆದರಿಸಿದರು. ಅಕ್ಕನೂ ನನ್ನನ್ನು ಕರೆದು, "ನಂದು ಸುಳ್ಳು ಸರಿ ಕಣೋ, ಮಿಕ್ಕವರೆಲ್ಲ ಸುಳ್ಳು ಹೇಳ್ತಾರಾ?" ಎಂದಳು. ನಾನು ಒಳಗಿನಿಂದ ಹಾಕಿಕೊಳ್ಳುವ, ಹೊರಗಿನವರಿಗೆ ಸುಲಭಕ್ಕೆ ಬಗ್ಗದ, ನನ್ನ ಬಳಿ ಇದ್ದುದರಲ್ಲೇ ಉತ್ತಮವಾದ ಬೀಗವನ್ನು ಕೂರಿಸಿಕೊಟ್ಟೆ. ಅಂದಿನಿಂದ ಅಕ್ಕ ಆ ಕಾವಿನಲ್ಲಿ ಬಾಗಿಲು ಮುಚ್ಚಿಕೊಂಡು ಇಸ್ತ್ರಿ ಮಾಡತೊಡಗಿದಳು.

ಒಂದು ಬೆಳಿಗ್ಗೆ ಅವಳು ಪೆಟ್ಟಿಗೆಯನ್ನು ಕೆಳಗಿಟ್ಟು ಅಲ್ಲೇ ಕುಸಿದು ಬಿದ್ದಳು. ಹೊರಗೆ ಓಣಿ ಎಂದಿನಂತೆ ಓಡಾಡುತ್ತಿತ್ತು. ಡ್ರೈವರಣ್ಣನ ಹೆಂಡತಿ ಅಂಗಿಗಳ ಗಂಟು ತಂದವರು, ಬಾಗಿಲು ಹಾಕಿರುವುದು ಕಂಡು, ಅಕ್ಕ ಜೋಪಾನವಾಗಿದ್ದಾಳೆ ಎಂಬ ಸಮಾಧಾನದಿಂದಲೇ ಹಿಂದಿರುಗಿದರು. ಮಧ್ಯಾಹ್ನ ಊಟಕ್ಕೆ ಬಂದ ನಾನು ಕರೆದೆ, ಬಡಿದೆ, ಆಮೇಲೆ ಬೀಗಕ್ಕೆ ಕೈಹಾಕಿದೆ. ನಾನು ಕಣ್ಣು ಮುಚ್ಚಿಕೊಂಡೇ ತೆಗೆಯಬಲ್ಲ ಬೀಗ ಅದು. ಅಂದು ಉಳಿ ಜಾರುತ್ತಲೇ ಇತ್ತು. ಆಸ್ಪತ್ರೆಯಲ್ಲಿ ವೈದ್ಯರು ಜೀವಕ್ಕೆ ಭಯವಿಲ್ಲ ಎಂದರು. "ಬೆಳಿಗ್ಗೆನೇ ಕರ್ಕೊಂಡು ಬಂದಿದ್ರೆ ಮಾತು ಉಳೀತಿತ್ತು" ಎಂದೂ ಹೇಳಿದರು.

ಆಸ್ಪತ್ರೆಯ ಬೆಂಚಿನ ಮೇಲೆ ಅಂದು ಇಡೀ ಓಣಿ ಕುಳಿತಿತ್ತು. ಮೊದಲು ಅತ್ತದ್ದು ಡ್ರೈವರಣ್ಣನ ಹೆಂಡತಿ. "ನಮ್ಮನೇಲಿ ಫ್ರಿಜ್ ಎಲ್ಲಿತ್ತಣ್ಣ ಹೋಗೋಕೆ? ಆ ಹುಡುಗಿ ಪಾಪ ಅಂತ ಹೇಳ್ದೆ" ಎಂದರು. ಕ್ಷೌರಿಕ ತನ್ನ ಟೀವಿಯೂ ಅದೇ ಜಾತಿಯದೆಂದು ತಲೆ ತಗ್ಗಿಸಿದ. ರೇಡಿಯೋ ಅಜ್ಜಿ, "ನಾನು ನಿಮ್ದೆಲ್ಲ ನಿಜ ಅಂದ್ಕೊಂಡಿದ್ನಲ್ರೋ" ಎಂದರು. ತನ್ನ ಮನೆಯ ಕಳವೊಂದೇ ಸುಳ್ಳು, ಮಿಕ್ಕವರದೆಲ್ಲ ನಿಜ ಎಂದು ನಂಬಿ ಪ್ರತಿಯೊಬ್ಬರೂ ಬೀಗ ಹಾಕಿಕೊಂಡಿದ್ದರು. ನಮ್ಮ ಓಣಿಯಲ್ಲಿ ಒಂದು ಚಮಚವೂ ಕಳವಾಗಿರಲಿಲ್ಲ.

ಆದರೂ ಮಾನ್ಯರೇ, ಅಚ್ಚಾದ ವರದಿ ತಪ್ಪಾಗಲಾರದು; ಅದಕ್ಕೆ ತಕ್ಕಂತೆ ಬದುಕದ ನಮ್ಮದೇ ತಪ್ಪು. ಇದನ್ನು ಸರಿಪಡಿಸಲು ತಾವು ನುರಿತ ಕಳ್ಳರನ್ನು, ನಮ್ಮಲ್ಲಿ ತರಬೇತಿ ಪಡೆದವರು ಯಾರೂ ಇಲ್ಲವಾದ್ದರಿಂದ, ಸಂಸ್ಥೆಯ ಗುರುತಿನ ಚೀಟಿ ಸಹಿತ ಕಳಿಸಿಕೊಡಬೇಕಾಗಿ ಕೋರುತ್ತೇನೆ. ಇಲ್ಲದ್ದನ್ನು ಕದಿಯುವುದು ಅವರಿಗೂ ಕಷ್ಟವಾದ್ದರಿಂದ, ಫ್ರಿಜ್ಜು, ಟೀವಿ, ಬಳೆಗಳನ್ನು ಮೊದಲು ನಮಗೆ ಕೊಟ್ಟು ಆಮೇಲೆ ಒಯ್ಯುವುದು. ಬಳೆಗಳನ್ನು ಒಂದು ದಿನವಾದರೂ ಅಕ್ಕನ ಕೈಯಲ್ಲಿ ಬಿಟ್ಟರೆ ಉಪಕಾರವಾದೀತು.

ಇನ್ನೊಂದು ಕೋರಿಕೆ. ತಮ್ಮ ಶಾಸ್ತ್ರದಲ್ಲಿ ಎಲ್ಲವನ್ನೂ ಒಟ್ಟು ಕೂಡಿಸಿ ತಲಾ ಇಷ್ಟೆಂದು ಹಂಚುವ ವಿದ್ಯೆ ಇದೆ ಎಂದು ಕೇಳಿದ್ದೇನೆ. ನಮ್ಮ ಓಣಿಯ ಒಟ್ಟು ಮಾತನ್ನು ಹಾಗೆ ಭಾಗಿಸಿ ಅಕ್ಕನ ಪಾಲನ್ನು ಅವಳಿಗೆ ಕೊಡಿಸಬೇಕು. ತನ್ನ ಪಾಲಿನಿಂದ ಬೇಕಾದಷ್ಟು ತೆಗೆದುಕೊಳ್ಳಿ ಎಂದು ರೇಡಿಯೋ ಅಜ್ಜಿ ಒಪ್ಪಿಗೆ ಕೊಟ್ಟಿದ್ದಾರೆ. ಅಕ್ಕ ಈಗ ಬಾಯಿ ತೆರೆದರೆ ಬರುವುದು ಒಂದೇ ಸದ್ದು, ಅದು ಬೇಕು ಎಂದೋ ಬೇಡ ಎಂದೋ ನನಗೆ ತಿಳಿಯುವುದಿಲ್ಲ. ಅವಳು ನನ್ನನ್ನು ಒಮ್ಮೆ ಬೈದರೆ ಸಾಕೆನ್ನಿಸುತ್ತದೆ.

ತಮ್ಮ ಅಮೂಲ್ಯ ಸಮಯದಲ್ಲಿ ಇಷ್ಟನ್ನು ಕಳವು ಮಾಡಿದ್ದಕ್ಕೆ ಕ್ಷಮೆ ಇರಲಿ; ಬೇಕಾದರೆ ಇದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ತಮ್ಮ ವಿಶ್ವಾಸಿ,
ಬೀಗದವನು

ಮರೆತಿದ್ದ ಮಾತು: 'ನೆರೆಹೊರೆಯಲ್ಲಿ ನಂಬಿಕೆ ಏಕೆ ಕುಸಿಯುತ್ತಿದೆ' ಎಂಬ ತಮ್ಮ ಹೊಸ ಅಧ್ಯಯನಕ್ಕೆ ನಿನ್ನೆ ಒಬ್ಬ ಯುವಕ ಬಂದಿದ್ದ. ಅಕ್ಕ ಮಾತಾಡಲಾರಳಾದ್ದರಿಂದ ಅವಳ ಪರವಾಗಿ ನಾನೇ ಉತ್ತರ ಕೊಟ್ಟೆ. ಮನೆಯ ಬಾಗಿಲು ಮುಚ್ಚಿಕೊಂಡಿದ್ದಕ್ಕೆ ಕಾರಣವೇನೆಂದು ಕೇಳಿದಾಗ 'ನಿಮ್ಮ ವರದಿ' ಎಂದೆ. ಅವನು ತನ್ನ ಹಾಳೆಯ ಚೌಕಗಳಲ್ಲಿ ಬಹಳ ಹುಡುಕಿದ. ಕಳ್ಳರ ಭಯ, ಕುಡುಕರ ಕಾಟ, ಕುಟುಂಬ ಕಲಹ ಎಲ್ಲಕ್ಕೂ ಮನೆಗಳಿದ್ದವು, ಇದಕ್ಕಿರಲಿಲ್ಲ. ಕೊನೆಗೆ 'ಇತರೆ' ಎಂಬಲ್ಲಿ ಗುರುತು ಹಾಕಿಕೊಂಡು ಹೋದ. ತಮ್ಮ ಮುಂದಿನ ವರದಿಯಲ್ಲಿ ಇತರೆ ಎಂಬುದರ ಎದುರು ಒಂದು ಎಂದು ಕಂಡರೆ, ಅದು ನಮ್ಮ ಅಕ್ಕ.