ಎಪ್ಪತ್ತು ಮಿಲಿಮೀಟರಿಗೆ ಬೇಡವಾದ ನೀಲಿ ಕಾರಿಗೆ

ತುಮಕೂರು ರಸ್ತೆಯ ಷೋರೂಮಿನ ಗಾಜಿನ ಹಿಂದೆ, ಎ.ಸಿ.ಯ ತಂಪಿನಲ್ಲಿ, ಮೈಮೇಲೆ ಒಂದು ಕಣ ಧೂಳೂ ಇಲ್ಲದೆ ವಿರಾಜಮಾನರಾಗಿರುವ, ಎತ್ತರದ ನಿಲುವಿನ ನೀಲಿ ಸಣ್ಣ ಕಾರಿನವರ ದಿವ್ಯ ಸನ್ನಿಧಾನಕ್ಕೆ, ಬಾಗಲಗುಂಟೆಯ ನಿವಾಸಿ ಸಂಗಣ್ಣ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಮತ್ತು ಅದಕ್ಕೆಲ್ಲ ತಾವೇ ಕಾರಣವೆಂದು ಹತ್ತು ಜನರ ಮುಂದೆ ಸಾಧಿಸಿಬಿಡುವ ಉದ್ದೇಶದಿಂದಲೇ ಈ ಬಹಿರಂಗ ಪತ್ರಕ್ಕೆ ಕೈಹಾಕಿದ್ದೇನೆ. ಓದುತ್ತ ಓದುತ್ತ ಬೇರೆ ಯಾರಾದರೂ ಕಾರಣವೆಂದು ತಮಗೆ ತೋರಿದರೆ ದಯವಿಟ್ಟು ಬಾಯಿ ಬಿಡಬೇಡಿ, ಮನೆಯಲ್ಲಿ ಆ ಮಾತನ್ನು ಆಗಲೇ ಸಾಕಷ್ಟು ಕೇಳಿಸಿಕೊಂಡಿದ್ದೇನೆ.

ಮೊದಲು ನನ್ನ ಪರಿಚಯ. ನಾನು ಪೀಣ್ಯದ ಒಂದು ಗಿಯರ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯ ಅರ್ಧದಷ್ಟು ಹೆಚ್ಚುಕಮ್ಮಿಯಾದ ಗಿಯರಿಗೂ ಕೆಂಪು ಚೀಟಿ ಅಂಟಿಸಿ ಮೂಲೆಗೆ ತಳ್ಳುವುದು ನನ್ನ ಕೆಲಸ, ಮತ್ತು ಈ ಕೆಲಸದಲ್ಲಿ ನನ್ನ ಸಮಾನರಿಲ್ಲವೆಂದು ನಾನೇ ಅನೇಕ ಸಲ ಹೇಳಿದ್ದೇನೆ. ನನ್ನ ತಾಯಿ ಹನುಮವ್ವ ನಮ್ಮ ಜೊತೆಯಲ್ಲೇ ಇದ್ದಾರೆ. ಅವರ ತಂಗಿ, ನನ್ನ ಚಿಕ್ಕವ್ವ ಕಾಶವ್ವ, ಊರಿನ ಆ ತುದಿಯ ಹೆಬ್ಬಗೋಡಿಯಲ್ಲಿ ಮಗನ ಬಾಡಿಗೆ ಮನೆಯಲ್ಲಿದ್ದಾರೆ. ಎರಡು ವಾರಕ್ಕೊಮ್ಮೆ ಬಸ್ಸು ಹತ್ತಿ, ಬಸ್ಸು ಬದಲಿಸಿ, ರೊಟ್ಟಿಗಂಟು ಕಂಕುಳಲ್ಲಿಟ್ಟುಕೊಂಡು ತಂಗಿಯನ್ನು ನೋಡಿಬರುವುದು ಅವ್ವನ ಪದ್ಧತಿಯಾಗಿತ್ತು. ಹೋದ ವರ್ಷ ಚಿಕ್ಕವ್ವ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದರು, ಅದೇ ತಿಂಗಳು ಅವ್ವನ ಮೊಣಕಾಲುಗಳು ಮುಷ್ಕರ ಹೂಡಿದವು. ಬಸ್ಸಿನ ಮೆಟ್ಟಿಲು ಆಗದು, ಮೆಟ್ರೋ ಬದಲಿಸಲು ಅಷ್ಟು ದೂರ ನಡೆಯಲಾಗದು. ಹೀಗೆ ಅಕ್ಕತಂಗಿಯರನ್ನು ಸೇರಿಸುವ ಏಕೈಕ ಉದ್ದೇಶದಿಂದ ಒಂದು ಸಣ್ಣ ಕಾರು ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಉದ್ದೇಶ ಒಂದೇ ಇತ್ತು ಎಂಬುದನ್ನು ತಾವು ಗಮನಿಸಬೇಕು, ನಾನು ಗಮನಿಸಲಿಲ್ಲ.

ಕಣದಲ್ಲಿ ಉಳಿದವರು ಇಬ್ಬರು: ತಾವು, ಮತ್ತು ರಸ್ತೆಯ ಎದುರು ಬದಿಯ ಷೋರೂಮಿನಲ್ಲಿದ್ದ, ತಮಗಿಂತ ಕುಳ್ಳಗಿನ, ನೆಲಕ್ಕಂಟಿ ಕೂತ ಬೂದು ಕಾರು. ಮೊದಲ ಭಾನುವಾರವೇ ಅವ್ವನನ್ನು ಕರೆತಂದೆ. ಅವರು ತಮ್ಮ ಬಾಗಿಲು ತೆಗೆಸಿ, ಕುರ್ಚಿಯ ಮೇಲೆ ಕೂತಂತೆ ಸಲೀಸಾಗಿ ಕೂತು, ಎದ್ದು, ಇನ್ನೊಮ್ಮೆ ಕೂತು ಹೇಳಿದರು: "ಇದರಾಗ ಮಣಕಾಲ ನೋಯಂಗಿಲ್ಲೋ ಸಂಗ್ಯಾ. ಇದನ್ನ ತಗೋ." ಒಟ್ಟು ಒಂದು ನಿಮಿಷ ಹಿಡಿಯಿತು. ಒಂದು ನಿಮಿಷದಲ್ಲಿ ಮುಗಿಯುವ ತಪಾಸಣೆಯನ್ನು ತಪಾಸಣೆ ಎಂದು ಒಪ್ಪುವ ಗಂಡಸು ನಾನಲ್ಲ.

ಆಮೇಲೆ ಹದಿನಾಲ್ಕು ತಿಂಗಳು ನಾನು ತಮಗೆ ಕೊಟ್ಟ ಕಾಟವನ್ನು ತಾವು ಎಷ್ಟು ಸಹನೆಯಿಂದ ತಾಳಿಕೊಂಡಿರಿ! ಕಾರ್ಖಾನೆಯಿಂದ ಸ್ಟೀಲ್ ಟೇಪು ತಂದು, ತಮ್ಮ ಹೊಟ್ಟೆಯಡಿ ತೂರಿ, ಎರಡೂ ಪಕ್ಕ ತೂಗುಗುಂಡು ಇಳಿಬಿಟ್ಟು ಅಳೆದೆ. ಸೇಲ್ಸಿನ ಅಂಬರೀಶ್ ಅವರು, "ಸಾರ್, ಅಳತೆ ಎಲ್ಲಾ ಬ್ರೋಷರ್‌ನಲ್ಲೇ ಇದೆ ಸಾರ್, ಎದ್ದೇಳಿ ಸಾರ್, ಬೇರೆ ಕಸ್ಟಮರ್ಸ್ ನೋಡ್ತಾವ್ರೆ" ಎಂದು ಅಂಗಲಾಚಿದರು. ಅಚ್ಚಾದದ್ದನ್ನು ನಂಬುವುದಾದರೆ ನನ್ನಂಥವರ ನೌಕರಿ ಯಾಕೆ ಬೇಕು ಎಂದು ನೆಲದಲ್ಲಿ ಮಲಗಿಕೊಂಡೇ ಉತ್ತರ ಕೊಟ್ಟೆ. ಮೈಲೇಜು, ಡಿಕ್ಕಿಯ ಆಳ, ವೈಪರಿನ ಉದ್ದ, ಹಾರ್ನಿನ ಗಾಂಭೀರ್ಯ ಹೀಗೆ ನೂರಾ ಹನ್ನೆರಡು ಅಂಶಗಳ ಪಟ್ಟಿ ಮಾಡಿ ಅಂಕ ಹಾಕಿದೆ. ಅಯ್ಯೋ, ಇಬ್ಬರೂ ಸರಿಸಮ ಬಂದಿರಿ! ಪಟ್ಟಿಯನ್ನು ಹರಿದು ಹೊಸದು ಮಾಡಿದೆ, ಮತ್ತೆ ಸರಿಸಮ.

ಈ ಅವಧಿಯಲ್ಲಿ ಅವ್ವ ಹದಿನೈದು ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, "ಒಂದ ಬಾಡಿಗಿ ಕಾರಾರ ತರಸೋ ಯಪ್ಪಾ, ಕಾಶವ್ವನ ಮಾರಿ ನೋಡಿ ಬರತೀನಿ" ಎನ್ನುವರು. ನಾನು, "ಬಾಡಿಗಿ ಕಾರ ಯಾಕವಾ, ಇನ್ನೊಂದ ಹದಿನೈದ ದಿನ ತಡಿ, ನಮ್ಮ ಸ್ವಂತ ಕಾರಿನಾಗ ರಾಣಿಯಂಗ ಹೋಗೀಯಂತ" ಎನ್ನುವೆನು. ಅವರು ತಡೆದು ಕಾದರು. ತಮ್ಮ ಮತ್ತು ಬೂದು ಕಾರಿನ ಹಾರ್ನುಗಳಲ್ಲಿ ಯಾವುದು ಮೇಲು ಎಂದು ನಾನು ಕಣ್ಣುಮುಚ್ಚಿ ಆಲಿಸುತ್ತಿದ್ದ ದಿನಗಳೂ ಅವರು ತಡೆದ ದಿನಗಳ ಲೆಕ್ಕದಲ್ಲೇ ಸೇರಿವೆ.

ಕೊನೆಗೆ ತೀರ್ಪು ಬಂದದ್ದು ನಮ್ಮ ಮನೆಯ ಗೋಡೆಗಳಿಂದ. ನಮ್ಮದು ಇಪ್ಪತ್ತು–ಮೂವತ್ತರ ಸೈಟು, ಮೆಟ್ಟಿಲಿನ ಗೋಡೆಗೂ ಕಾಂಪೌಂಡಿಗೂ ನಡುವೆ ಕಾರು ನಿಲ್ಲಿಸಲು ಸಾವಿರದ ಏಳುನೂರ ಎಂಬತ್ತು ಮಿಲಿಮೀಟರ್ ಜಾಗ. ಕನ್ನಡಿ ಮಡಚಿದರೆ ತಮ್ಮ ಅಗಲ ಸಾವಿರದ ಏಳುನೂರ ಇಪ್ಪತ್ತು, ಬೂದು ಕಾರಿನದು ಸಾವಿರದ ಆರುನೂರ ಐವತ್ತು. ತಾವು ಬಂದರೆ ಒಂದೊಂದು ಪಕ್ಕಕ್ಕೆ ಮೂವತ್ತೇ ಮಿಲಿಮೀಟರ್ ಉಳಿಯುತ್ತಿತ್ತು, ಬೂದು ಕಾರಿನವರು ಬಂದರೆ ಅರವತ್ತೈದು. ಎಪ್ಪತ್ತು ಮಿಲಿಮೀಟರಿನ ಸ್ಥೂಲಕಾಯದ ಕಾರಣದಿಂದ ತಮಗೆ ಕೆಂಪು ಚೀಟಿ ಅಂಟಿಸಿದೆ. "ಕುಂದರೂದು ಅವ್ವ ಅಲ್ಲೇನ್ರೀ? ಗ್ವಾಡಿ ಅಲ್ಲಲ್ಲ?" ಎಂದು ನನ್ನ ಹೆಂಡತಿ ಮಹಾದೇವಿ ಕೇಳಿದಳು. ತಾಂತ್ರಿಕ ವಿಷಯದಲ್ಲಿ ಬಾಯಿ ಹಾಕಬೇಡ ಎಂದೆ.

ಆಯುಧಪೂಜೆಯ ದಿನ ಬೂದು ಕಾರು ಬಂತು. ಇಡೀ ಬೀದಿ ನೋಡುತ್ತಿರಲು ನಾನು ಅದನ್ನು ಗೋಡೆಗಳ ನಡುವೆ ಎಷ್ಟು ನಾಜೂಕಾಗಿ ತೂರಿಸಿದೆನೆಂದರೆ, ಎಡಕ್ಕೂ ಬಲಕ್ಕೂ ಅರವತ್ತೈದು, ಒಂದು ಗೀರಿಲ್ಲ. ಮಹಾದೇವಿ ಆರತಿ ತಟ್ಟೆ ಹಿಡಿದು, "ಇಳೀರಿ" ಎಂದಳು. ಬಾಗಿಲು ತೆಗೆದೆ. ಅದು ಅರವತ್ತೈದು ಮಿಲಿಮೀಟರ್ ತೆರೆದು, ಟಕ್ ಎಂದು ಗೋಡೆಗೆ ತಾಗಿ ನಿಂತಿತು. ಸಂದಿಯಿಂದ ನನ್ನ ನಾಲ್ಕು ಬೆರಳು ಮಾತ್ರ ಹೊರಗೆ ಬಂದವು. ಆ ಕಡೆಯ ಬಾಗಿಲೂ ಅಷ್ಟೇ. ಮಾನ್ಯರೇ, ನೂರಾ ಹನ್ನೆರಡು ಅಂಶಗಳ ಪಟ್ಟಿಯಲ್ಲಿ ಕಾರಿನ ಬಾಗಿಲು ಹೊರಕ್ಕೆ ತೆರೆಯುತ್ತದೆ ಎಂಬ ಅಂಶವೇ ಇರಲಿಲ್ಲ! ನಮ್ಮ ಗಿಯರುಗಳಿಗೆ ಬಾಗಿಲು ಇರುವುದಿಲ್ಲ.

ಪಕ್ಕದ ಮನೆಯ ಮುನಿರಾಜು ಅವರು ಐದು ನಿಮಿಷ ಗೌರವದಿಂದ ಕಾದು, "ಯಾಕ್ ಸಾರ್, ಇಳಿಯಾಕೆ ಮನ್ಸಿಲ್ವಾ? ಡಿಕ್ಕಿ ತೆಗೀಲಾ?" ಎಂದು ಕೇಳಿದರು. ಬೇರೆ ದಾರಿ ಇರಲಿಲ್ಲ. ಹಿಂದಿನ ಸೀಟಿನ ಬೆನ್ನು ದಾಟಿ, ಹೊಸ ರೇಷ್ಮೆ ಪಂಚೆ ಸಮೇತ, ಡಿಕ್ಕಿಯಿಂದ ಹೊರಬಿದ್ದ ನನಗೆ ಅಲ್ಲೇ ಆರತಿಯಾಯಿತು. ಸೋಲೊಪ್ಪಲು ಮನಸ್ಸಾಗದೆ ಒಂಬತ್ತು ದಿನ ಸಂಜೆ ಹಾರ್ನ್ ಹೊಡೆದು ಯಾರಿಂದಲಾದರೂ ಡಿಕ್ಕಿ ತೆಗೆಸಿ ಇಳಿದೆ. ಹತ್ತನೆಯ ದಿನದಿಂದ ಕಾರು ಬೀದಿಯಲ್ಲಿ ನಿಂತಿದೆ. ಬೀದಿಯಲ್ಲಿ ತಾವೂ ನಿಲ್ಲಬಹುದಿತ್ತು. ಬೀದಿಗೆ ಎಪ್ಪತ್ತು ಮಿಲಿಮೀಟರ್ ಲೆಕ್ಕವೇ ಅಲ್ಲ.

ಅವ್ವನನ್ನು ಬೀದಿಯಲ್ಲೇ ಹತ್ತಿಸಲು ಹೋದೆ. ಬಾವಿಗೆ ಇಳಿದಂತೆ ಆ ಕುಳ್ಳ ಸೀಟಿಗೆ ಇಳಿದರು, ಇಳಿಯುವಾಗ ನೋವಿಗೆ ತುಟಿ ಕಚ್ಚಿಕೊಂಡದ್ದನ್ನು ನೋಡಿದೆ. ಮೇಲೆತ್ತಲು ನಾನು ಮತ್ತು ಮುನಿರಾಜು ಇಬ್ಬರೂ ಬೇಕಾಯಿತು. "ಇರಲಿ ಬಿಡೋ, ಕಾರ ಛಂದ ಐತಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಹಾದೇವಿ ನನ್ನನ್ನು ಕೇಳದೆಯೇ ಫೋನಿನಲ್ಲಿ ಬಾಡಿಗೆ ಕಾರು ಕರೆಸಿದಳು. ಬಂದವರು ಯಾರು? ತಾವೇ! ಬಣ್ಣ ಬಿಳಿ, ನಂಬರ್ ಪ್ಲೇಟು ಹಳದಿ, ಆದರೆ ಅದೇ ಎತ್ತರ, ಅದೇ ಅಗಲವಾದ ಬಾಗಿಲು. ಅವ್ವ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತರು, ನಾನು ಪಕ್ಕದಲ್ಲಿ ಕೂತೆ. ಎರಡೂ ಮುಕ್ಕಾಲು ಗಂಟೆಯಲ್ಲಿ ಹೆಬ್ಬಗೋಡಿ. ಹದಿನಾಲ್ಕು ತಿಂಗಳಲ್ಲಿ ಯಾವ ದಿನ ಬೇಕಾದರೂ ಆಗಬಹುದಾಗಿದ್ದ ಎರಡೂ ಮುಕ್ಕಾಲು ಗಂಟೆ.

ಆದ್ದರಿಂದ ನನ್ನ ಬೇಡಿಕೆಗಳು. ಮೊದಲ ಭಾನುವಾರ ಅವ್ವ ತಮ್ಮಲ್ಲಿ ಕೂತಿದ್ದಾಗಲೇ ತಾವು ಬಾಗಿಲು ಜಡಿದುಕೊಂಡು, ನನ್ನನ್ನು ಷೋರೂಮಿನಲ್ಲೇ ಬಿಟ್ಟು, ನೆಟ್ಟಗೆ ಹೆಬ್ಬಗೋಡಿಗೆ ಹೊರಟುಹೋಗಬೇಕಾಗಿತ್ತು. ಅದನ್ನು ಯಾಕೆ ಮಾಡಲಿಲ್ಲವೆಂದು ಲಿಖಿತ ಉತ್ತರ ಕೊಡಬೇಕು. ಹಾಗೂ ಆ ಹದಿನಾಲ್ಕು ತಿಂಗಳನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಬಂದು ನಮ್ಮ ಮನೆಯ ಮುಂದೆ ಇಳಿಸಬೇಕು. ಜಾಗವಿದೆಯೆಂದು ನನಗೆ ಗೊತ್ತು, ಅಳೆದಿದ್ದೇನೆ.

ಇನ್ನು ಮುಚ್ಚುಮರೆ ಯಾಕೆ? ಚಿಕ್ಕವ್ವನಿಗೆ ಈಗ ಕಿವಿ ಪೂರ್ತಿ ಮಂದವಾಗಿದೆ. ನನಗೆ ಗೊತ್ತಿರಲಿಲ್ಲ. ಅವ್ವ ಫೋನಿನಲ್ಲಿ ಕೂಗಾಡುವುದು ನೆಟ್‌ವರ್ಕಿನ ದೋಷವೆಂದುಕೊಂಡಿದ್ದೆ. ಅಂದು ಮಂಚದಿಂದಲೇ ಚಿಕ್ಕವ್ವ ಅಕ್ಕನ ಕೈ ಹಿಡಿದು, "ಇಷ್ಟ ದಿನಾ ಯಾಕ ಬರಲಿಲ್ಲ ಬೇ? ಮರತಿದ್ದೇನ ನನ್ನ?" ಎಂದು ಅತ್ತರು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಅವ್ವ ತಂಗಿಗೆ ಕೇಳಲೆಂದು ಇಡೀ ವಠಾರಕ್ಕೇ ಕೇಳುವ ಹಾಗೆ ಕೂಗಿ ಹೇಳಿದರು: "ನನ್ನ ಮಗಾ ನನ್ನ ಸಲುವಾಗಿ ಛಲೋ ಕಾರ ಹುಡುಕಾಕತ್ತಿದ್ದ ನೋಡವಾ! ಸಿಕ್ಕಿದ್ದೆಲ್ಲಾ ತರಾವಲ್ಲ ಅಂವಾ!"

ಇಂತಿ, ತಮ್ಮ ಅಗಲವನ್ನು ಬಲ್ಲ, ಬಾಗಿಲನ್ನು ಅರಿಯದ ವಿಶ್ವಾಸಿ,
ಸಂಗಣ್ಣ,
ಬಾಗಲಗುಂಟೆ

ತಾ.ಕ.: ಈಗ ಎರಡು ವಾರಕ್ಕೊಮ್ಮೆ ಅವ್ವ ಬಾಡಿಗೆಗೆ ಬರುವ ತಮ್ಮಲ್ಲಿ ಕೂತು ಮುಂದೆ ಹೋಗುತ್ತಾರೆ, ನಾನು ಸ್ವಂತ ಕಾರಿನಲ್ಲಿ ಒಬ್ಬನೇ ಹಿಂದೆ ಹೋಗುತ್ತೇನೆ. ಇದು ಅವ್ವನದೇ ಆಜ್ಞೆ. ಮಗ ಕಾರು ತಂದಿದ್ದಾನೆಂದು ಚಿಕ್ಕವ್ವನ ವಠಾರದವರು ಕಣ್ಣಾರೆ ನೋಡಬೇಕಂತೆ.