ಹಂಡೆ ಒಲೆಗೆ ಎಣ್ಣೆ ಇಳಿಯದ ದೀಪಾವಳಿ

ನರಸಿಂಹರಾಜಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಮೇಷ್ಟ್ರುಗಳದ್ದು ಬರೀ ಪುಸ್ತಕದ ಬದನೆಕಾಯಿ ಎನ್ನುವವರನ್ನು ಕಂಡರೆ ನನಗಾಗದು. ಅಂಥವರ ಬಾಯಿ ಮುಚ್ಚಿಸಲೆಂದೇ, ಬಚ್ಚಲುಮನೆಯ ಹಂಡೆಗೆ ಕಟ್ಟಿಗೆಯ ಕಾಟ ತಪ್ಪಿಸಿ, ಕೊಪ್ಪ ರಸ್ತೆಯ ಗ್ಯಾರೇಜಿನವರು ಚೆಲ್ಲುವ ಸುಟ್ಟ ಆಯಿಲಿನಿಂದ ನೀರು ಕಾಯಿಸುವ ವ್ಯವಸ್ಥೆಯೊಂದನ್ನು ನಿರ್ಮಿಸಿದೆ. ಗೋಡೆಯ ಮೇಲೊಂದು ತಗಡಿನ ಡಬ್ಬ, ಅದರಿಂದೊಂದು ಪೈಪು, ಪೈಪಿಗೊಂದು ನಲ್ಲಿ. ಒಲೆಯೊಳಗಿನ ಕಬ್ಬಿಣದ ತಟ್ಟೆಗೆ ಆಯಿಲು ಹನಿಹನಿಯಾಗಿ ಬಿದ್ದು ಭರ್ರೆಂದು ಉರಿಯುತ್ತಿತ್ತು. ಉರಿಯುತ್ತಿತ್ತು ಎಂಬುದನ್ನು ಓದುಗರು ದಯವಿಟ್ಟು ನೆನಪಿಡಬೇಕು!

ಆ ವರ್ಷ ಮಗಳು ಸುಮಾಳ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಶೃಂಗೇರಿ ಕಡೆಯ ಅಳಿಯಂದಿರು ಎಣ್ಣೆ ಸ್ನಾನಕ್ಕೆ ಬರುವವರಿದ್ದರು. ಮೊದಲ ಹಬ್ಬಕ್ಕೆ ಬಂದ ಅಳಿಯನಿಗೆ ಬಿಸಿನೀರಿಗೆ ಗತಿಯಿಲ್ಲವೆಂದಾದರೆ, ಮೊಮ್ಮಕ್ಕಳ ಕಾಲದವರೆಗೂ ಬೀಗರ ಮನೆಯಲ್ಲಿ ಅದೇ ಮಾತು.

"ಎಂತಕ್ಕೂ ಇರ್ಲಿ, ನಾಲ್ಕು ಕಟ್ಟಿಗೆ ಇಟ್ಕೊಳಿ ಮಾರಾಯ್ರೆ" ಅಂದಳು ಹೆಂಡತಿ ಸರೋಜ. ನನ್ನ ಆವಿಷ್ಕಾರಕ್ಕೆ ಇಂಥ ಅವಮಾನ! ಇದ್ದ ಕಟ್ಟಿಗೆಯನ್ನೆಲ್ಲ ಪಕ್ಕದ ಮನೆಯವರಿಗೆ ದಾನ ಮಾಡಿಬಿಟ್ಟೆ. ಹಬ್ಬದ ದಿನವೂ ಬಚ್ಚಲಲ್ಲಿ ಗ್ಯಾರೇಜಿನ ವಾಸನೆಯೇ ಎಂದು ಅವಳು ಬೇರೆ ಗೊಣಗುತ್ತಿದ್ದಳು. ಅದಕ್ಕೂ ಪರಿಹಾರ ಸಿದ್ಧವಾಯಿತು. ನೀರು ತುಂಬುವ ಹಬ್ಬದ ಸಂಜೆ ಅವಳು ಹಂಡೆ ಬೆಳಗಿ ಹೂವು ಕಟ್ಟುತ್ತಿರುವಾಗ, ನಾನು ಡಬ್ಬದ ಮೇಲೆ ಸುಮ್ಮನೆ ಕವುಚಿಟ್ಟಿದ್ದ ಹಳೇ ತಟ್ಟೆಯನ್ನು ಎಸೆದು, ಸೈಕಲ್ ಟ್ಯೂಬಿನ ರಬ್ಬರು ಕೊಟ್ಟು ಹೊಸ ಮುಚ್ಚಳ ಬಿಗಿದೆ. ವಾಸನೆ ಹೊರಗೆ ಬರುವುದಿರಲಿ, ಇರುವೆಯೂ ಒಳಗೆ ಹೋಗುವ ಹಾಗಿರಲಿಲ್ಲ.

ಬೆಳಿಗ್ಗೆ ಅಳಿಯಂದಿರು ಮಣೆಯ ಮೇಲೆ ಕೂತರು. ಸರೋಜ ಶಾಸ್ತ್ರಕ್ಕೆ ನೆತ್ತಿಗೆ ಎಣ್ಣೆ ಇಟ್ಟಳು, ಉಳಿದದ್ದನ್ನು ಅವರೇ ಮೈಗೆಲ್ಲ ಹಚ್ಚಿಕೊಂಡರು. ನಾನು ಒಲೆ ಹಚ್ಚಿದೆ. ಚೆನ್ನಾಗಿ ಹತ್ತಿತು. ನೀರು ಉಗುರುಬೆಚ್ಚಗಾಗುವ ಮೊದಲೇ ಆರಿತು.

ಆಯಿಲು ಮುಗಿಯಿತೇನೋ ಎಂದು ಮುಚ್ಚಳ ಬಿಚ್ಚಿದೆ. ಡಬ್ಬದ ತುಂಬ ಇದೆ! ನೋಡನೋಡುತ್ತಿದ್ದಂತೆ ಪೈಪಿನಿಂದ ಹನಿ ಬೀಳತೊಡಗಿತು. ಸಮಾಧಾನವಾಗಿ ಮುಚ್ಚಿ ಒಲೆ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು. ಬಿಚ್ಚಿ ನೋಡಿದರೆ ಹರಿಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಮೇಷ್ಟ್ರು ನೋಡುತ್ತಿದ್ದರೆ ಬರೆಯುವುದು, ತಿರುಗಿದರೆ ಪೆನ್ನು ಕೆಳಗಿಡುವುದು, ಥೇಟ್ ನನ್ನ ಎಂಟನೇ ಕ್ಲಾಸಿನ ಹಾಗೆ. ಇದರ ಮರ್ಮವೇನೆಂದು ಎಂಥ ಕುತೂಹಲ ಹುಟ್ಟಿತೆಂದರೆ, ಹೊರಗೆ ಅಳಿಯ ಎಣ್ಣೆ ಸುರಿಸಿಕೊಂಡು ಕೂತಿರುವುದೇ ಮರೆತುಹೋಯಿತು.

ಚಳಿಗೆ ಆಯಿಲು ಗಟ್ಟಿಯಾಗಿದೆ ಎಂದು ಮೊದಲು ತರ್ಕಿಸಿದೆ. ಅಳಿಯಂದಿರಿಗೆಂದು ತಂದಿಟ್ಟಿದ್ದ ಹೊಸ ಟವೆಲನ್ನು ಡಬ್ಬಕ್ಕೆ ಹೊದಿಸಿದೆ. ಟವೆಲು ಕಪ್ಪಾಯಿತೇ ಹೊರತು ಮತ್ತೇನೂ ಆಗಲಿಲ್ಲ. ಹಾಗಾದರೆ ಪೈಪಿನಲ್ಲಿ ಕಸ! ಆರಿದ ಒಲೆಯೆದುರು ಬಗ್ಗಿ, ಪೈಪಿನ ತುದಿಗೆ ಬಾಯಿ ಹಚ್ಚಿ, ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಊದಿದೆ. ಮೇಲೆ ಡಬ್ಬದಲ್ಲಿ ಗುಳುಗುಳು ಸದ್ದಾಯಿತು. ಗೆದ್ದೆ ಎಂದು ಬಾಯಿ ತೆಗೆದೆ. ಊದಿದ್ದೆಲ್ಲ ಆಯಿಲಿನ ಸಮೇತ ವಾಪಸ್ ಬಂತು! ಮುಖ, ಮೀಸೆ, ಹಬ್ಬದ ಪಂಚೆ, ಎಲ್ಲ ಒಂದೇ ಬಣ್ಣವಾದವು.

ಸರೋಜ ಬಾಗಿಲಿಗೆ ಬಂದು ನನ್ನ ಅವತಾರ ನೋಡಿದಳು. ಗ್ಯಾಸಿನ ಮೇಲೆ ನೀರಿಡೋಣವೆಂದರೆ ಅಲ್ಲಿ ಕಡುಬು ಬೇಯುತ್ತಿದೆ, ಕಟ್ಟಿಗೆ ಪಕ್ಕದ ಮನೆಯಲ್ಲಿ ಉರಿಯುತ್ತಿದೆ ಎಂದಷ್ಟೇ ಹೇಳಿ ಹೋದಳು. ಹೊರಗಿನಿಂದ ಅಳಿಯಂದಿರು, ಪರವಾಗಿಲ್ಲ ಮಾವಯ್ಯ, ನಿಧಾನಕ್ಕೆ ಆಗಲಿ ಎಂದರು. ಹಲ್ಲು ಕಟಕಟ ಎನ್ನುವುದು ಒಳಗಿದ್ದ ನನಗೂ ಕೇಳಿಸಿತು.

ಅಷ್ಟರಲ್ಲಿ ಸುಮಾ ಬಂದಳು. ನಾನು ಮುಚ್ಚಳ ಬಿಚ್ಚುವುದನ್ನೂ ಮುಚ್ಚುವುದನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೊಳೆ, ಸುತ್ತಿಗೆ ತಂದು ನನ್ನ ಹೊಸ ಮುಚ್ಚಳದ ನಟ್ಟನಡುವೆ ಠಕ್ಕೆಂದು ತೂತು ಹೊಡೆದಳು. ಸುಯ್ಯೆಂದು ಗಾಳಿ ಒಳಗೆ ಹೋಯಿತು, ಆಯಿಲು ಹನಿಯತೊಡಗಿತು.

"ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಹೊಡೀತಾರೆ ಅಂತ ಎಂಟನೇ ಕ್ಲಾಸಲ್ಲಿ ನೀನೇ ಕೇಳಿದ್ದಲ್ವಾ ಅಪ್ಪ? ಗೊತ್ತಿಲ್ಲ ಅಂದಿದ್ದಕ್ಕೆ ನನ್ನ ಬೆಂಚ್ ಮೇಲೆ ನಿಲ್ಸಿದ್ದೆ."

ಒಂದು ತೂತಿನಲ್ಲಿ ಎಣ್ಣೆ ಹೊರಗೆ ಬರಬೇಕಾದರೆ ಇನ್ನೊಂದರಲ್ಲಿ ಗಾಳಿ ಒಳಗೆ ಹೋಗಬೇಕು. ವರ್ಷಾ ವರ್ಷ ಬೋರ್ಡಿನ ಮೇಲೆ ಡಬ್ಬದ ಚಿತ್ರ ಬರೆದು, ಬಾಣದ ಗುರುತು ಹಾಕಿ ಕಲಿಸಿದವನು ನಾನೇ. ಮಗಳ ಮುಖ ನೋಡಲು ನಾಚಿಕೆಯಾಯಿತು.

ಒಲೆ ಭರ್ರೆಂದು ಉರಿದು ಹಂಡೆಯ ನೀರು ಕುದಿಯತೊಡಗಿದಾಗ ಹೊರಗೆ ಬಂದು ನೋಡಿದರೆ ಮಣೆ ಖಾಲಿ. ಅಳಿಯಂದಿರು ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು, ತುಟಿ ನೀಲಿ ಮಾಡಿಕೊಂಡು ಬರುತ್ತಿದ್ದರು!

ಕಾದ ನೀರು ದಂಡವಾಗಬಾರದೆಂದು ಸರೋಜ ಅದೇ ಮಣೆಯ ಮೇಲೆ ನನ್ನನ್ನು ಕೂರಿಸಿದಳು. ಮೈಗಂಟಿದ ಆಯಿಲು ಸೀಗೆಪುಡಿಗೆ ಜಗ್ಗಲಿಲ್ಲ, ನನ್ನ ಜಾರುವ ಕೈಗೆ ತಂಬಿಗೆಯೂ ನಿಲ್ಲಲಿಲ್ಲ. ಕೊನೆಗೆ ಅಳಿಯಂದಿರೇ ತಂಬಿಗೆ ಹಿಡಿದು ನನ್ನ ತಲೆಗೆ ನೀರು ಹೊಯ್ಯತೊಡಗಿದರು.

"ಬಿಸಿ ಸಾಕಾ ಮಾವಯ್ಯ?" ಎಂದು ಕೇಳಿ ಒಂದು ಸೀನು ಸೀನಿದರು.

ಅವರನ್ನು ನಾನು ಕೇಳಬೇಕೆಂದು ಹಿಂದಿನ ದಿನದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತು ಅದು. ಸಾಕು ಅಂದೆ.