ರೊಟ್ಟಿ ಯಂತ್ರಕ್ಕೆ ಹೇಳುವ ದಾರಿ

ನಿಜಗುಣಿ ಗುಂಡಿ ಒತ್ತಿದ ಕೂಡಲೇ ಅವನ ಹೊಸ ಯಂತ್ರದಿಂದ ದುಂಡಗಿನ ಜೋಳದ ರೊಟ್ಟಿ ಹೊರಬಿತ್ತು. ನೆರೆದ ಓಣಿಯವರೆಲ್ಲ ಭಲೇ ಎಂದರು. ಪಕ್ಕದ ಮನೆಯ ಬಸಲಿಂಗವ್ವನ ಹೊಟ್ಟೆಗೆ ಮಾತ್ರ ಬೆಂಕಿ ಬಿತ್ತು. ಹುಬ್ಬಳ್ಳಿಯ ಆ ಓಣಿಯಲ್ಲಿ ಅಂದಿನವರೆಗೂ ರೊಟ್ಟಿ ಎಂದರೆ ಅವಳು ಬಡಿದ ರೊಟ್ಟಿ. ಸಾಲದ್ದಕ್ಕೆ ಅವಳ ಗಂಡ ಚೆನ್ನವೀರಪ್ಪನೇ ಮುಂದೆ ನಿಂತು ಇನ್ನೊಂದು ಕೇಳಿ ತಿಂದ.

ಯಂತ್ರವನ್ನು ಆಳುತ್ತಿದ್ದುದು ಅದರೊಳಗಿನ ಮೂಲ ತಂತ್ರಾಂಶ, ಕರ್ನಲ್. ರೊಟ್ಟಿಯ ಅಗಲ, ದಪ್ಪ, ಕಾವು ಎಷ್ಟೆಂದು ಅದಕ್ಕೆ ಹೇಳಬೇಕಿತ್ತು. ಹೇಗೆ ಹೇಳುವುದು ಎಂಬುದೇ ನಿಜಗುಣಿಯ ತಲೆನೋವು. ಚಾಲೂ ಮಾಡುವಾಗಲೇ ಬರೆದುಕೊಟ್ಟರೆ ಭದ್ರ, ಆದರೆ ನಡುವೆ ಬದಲಿಸುವಂತಿಲ್ಲ. ಬಾಯಿಮಾತಿನಲ್ಲಾದರೆ ಬೇಕೆಂದಾಗ ಬದಲಿಸಬಹುದು, ಆದರೆ ಯಾರು ಬೇಕಾದರೂ ಬದಲಿಸಿಯಾರು.

“ಬಾಯಿಮಾತs ಛಲೋ ನೋಡಪಾ,” ಎಂದಳು ಬಸಲಿಂಗವ್ವ, ದನಿಯಲ್ಲಿ ಬೆಲ್ಲ ಬೆರೆಸಿ. “ಹಿಟ್ಟಿನ ಕೈಯಾಗ ಯಾರು ಬರ್ಕೋತ ಕೂಡ್ತಾರ?”

ನಿಜಗುಣಿ ಹಿಗ್ಗಿ ಹಾಗೆಯೇ ಮಾಡಿದ.

ಅವನ ಹೆಂಡತಿ ನೀಲವ್ವ ನೆಂಟರನ್ನು ಊಟಕ್ಕೆ ಕರೆದ ದಿನ ಬಸಲಿಂಗವ್ವ ಮೊಸರಿನ ನೆಪದಲ್ಲಿ ಒಳಹೊಕ್ಕು, ಯಂತ್ರಕ್ಕೆ ದಪ್ಪಗೆ ಮಾಡು ಎಂದು ಪಿಸುಗುಟ್ಟಿದಳು. ಹಲಗೆಯಂಥ ರೊಟ್ಟಿ ಬಂತು. ನೀಲವ್ವ ತೆಳ್ಳಗೆ ಎಂದಳು, ನಿಜಗುಣಿ ಸಣ್ಣದು ಎಂದ. ನಿನ್ನಿಂದಲೇ ಕೆಟ್ಟಿತು, ಇಲ್ಲ ನಿನ್ನಿಂದಲೇ ಎಂದು ಇಬ್ಬರೂ ಜಗಳಕ್ಕೆ ಬಿದ್ದರು. ಬಾಗಿಲ ಮರೆಯಲ್ಲಿ ಬಸಲಿಂಗವ್ವ ಮಾತ್ರ ಜಪ ಮಾಡುವವಳಂತೆ ದೊಡ್ಡದು, ಇನ್ನೂ ದೊಡ್ಡದು ಎನ್ನುತ್ತಲೇ ಇದ್ದಳು. ಚಾಪೆಯಗಲದ ರೊಟ್ಟಿಗಳು ಅಡುಗೆಮನೆ ತುಂಬಿ ಪಡಸಾಲೆಗೆ ನುಗ್ಗಿದವು. ಒಂದು ರೊಟ್ಟಿ ಹಿರಿಯ ಬೀಗರನ್ನು ಕಂಬಳಿಯಂತೆ ಮುಚ್ಚಿತು.

ನೆಂಟರು ಉಪವಾಸ ಹೋದ ಮೇಲೆ ನಿಜಗುಣಿ ಸಿಟ್ಟಿನಲ್ಲಿ ಕರ್ನಲ್‌ಗೆ ಬೀಗ ಜಡಿದ: ಈವತ್ತು ಯಾರ ದನಿ ಹೆಚ್ಚು ಕೇಳಿತೋ ಇನ್ನು ಮುಂದೆ ಅವರ ಮಾತನ್ನಷ್ಟೇ ಕೇಳು. ಆ ದನಿ ತನ್ನದೇ ಎಂಬ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ.

ಮರುದಿನ ಗಂಡಹೆಂಡತಿ ಎಷ್ಟು ಕೂಗಿದರೂ ಯಂತ್ರ ಮಿಸುಕಲಿಲ್ಲ. ಸಂತೋಷ ತಡೆಯಲಾರದೆ ಬಸಲಿಂಗವ್ವ ನೋಡಲು ಬಂದಳು.

“ಯಾಕ, ಕೆಟ್ಟಿತೇನು?”

ಯಂತ್ರ ಗುರ್ರೆಂದು ಎದ್ದಿತು. “ಎಷ್ಟು ರೊಟ್ಟಿ ಬೇಕ್ರೀ, ಯಜಮಾನ್ರ?”

ನೀಲವ್ವ ಅವಳತ್ತ ತಿರುಗಿದಳು. “ನಿನ್ನಿ ಮಾತಾಡಿದ್ದು ನೀವೇನ್ರೀ, ಅಕ್ಕಾರ?”

ಬಸಲಿಂಗವ್ವ ಬಾಗಿಲತ್ತ ಸರಿದಳು, ನೀಲವ್ವ ಕೈ ಹಿಡಿದು ಯಂತ್ರದ ಮುಂದೆ ತಂದು ನಿಲ್ಲಿಸಿದಳು. ನಿಜಗುಣಿ ಹಾಕಿದ ಬೀಗ ನಿಜಗುಣಿಗೇ ತೆಗೆಯಲಾಗಲಿಲ್ಲ. ಹೀಗಾಗಿ ದಿನಾ ಬೆಳಿಗ್ಗೆ ಅವಳು ಪಕ್ಕದ ಮನೆಗೆ ಹೋಗಿ, ಆ ಯಂತ್ರದ ಮುಂದೆ ನಿಂತು, ಓಣಿಗೆಲ್ಲ ರೊಟ್ಟಿ ಮಾಡಿಸಬೇಕಾಯಿತು. ಚೆನ್ನವೀರಪ್ಪ ಈಗ ಊಟಕ್ಕೆ ಅಲ್ಲಿಗೇ ಹೋಗುತ್ತಾನೆ. ಹೆಂಡತಿ ಹೇಳಿ ಮಾಡಿಸಿದ್ದು ಹೆಂಡತಿ ಮಾಡಿದಂತೆಯೇ ಅಲ್ಲವೇ ಎಂಬುದು ಅವನ ವಾದ.